ಒಗ್ಗರಣೆ ಹಾಕದ ಮನೆ

‘ಎಲ್ಲಿ ಕೂತು ಬರೆಯುತ್ತೀರಿ?’ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಕೂರಲು ಪುರುಸೊತ್ತಿರುವವರು ಕೇಳುವ ಪ್ರಶ್ನೆ ಅದು. ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ನಾನು ಮೇಲ್ವಿಚಾರಕಿ. ಬೆಳಗಿನ ಪಾಳಿಯವರ ಇಡ್ಲಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಅನ್ನಕ್ಕೆ ಎಸರು ಕುದಿಯುತ್ತಿರಬೇಕು, ಅದು ಮುಗಿಯುವಷ್ಟರಲ್ಲಿ ಸಂಜೆಯ ಟೀ. ಚನ್ನಪಟ್ಟಣದಿಂದ ವ್ಯಾನು ಹೊರಟು, ಕೆಂಗಲ್ ಹನುಮಂತರಾಯನಿಗೆ ಎಲ್ಲರೂ ಕೂತಲ್ಲಿಂದಲೇ ಕೈಮುಗಿಯುವ ಹೊತ್ತಿಗೆ ಒಂದು ವಾಕ್ಯ ಸಿಕ್ಕಿದರೆ ಸಿಕ್ಕಿತು. ರಾಮನಗರ ದಾಟಿದ ಮೇಲೆ ಪಕ್ಕದವಳು ತನ್ನ ನಾದಿನಿಯ ಪುರಾಣ ತೆಗೆಯುತ್ತಾಳೆ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಕುಟ್ಟಿ, ಅರ್ಧ ವಾಕ್ಯಕ್ಕೆ ಬಿಟ್ಟು, ಗೇಟಿನಲ್ಲಿ ಇಳಿದು ಓಡುತ್ತೇನೆ. ನೀನು ಕತೆ ಬರೆಯೋದಲ್ಲಮ್ಮ, ಕತೆಗೆ ಮೆಸೇಜು ಕಳಿಸ್ತೀಯ ಎಂದು ಮಗಳು ಆಡಿಕೊಳ್ಳುತ್ತಾಳೆ. ಹೀಗೆ ಬರೆದದ್ದೇ ಅಲ್ಲೊಂದು ಇಲ್ಲೊಂದು ಪತ್ರಿಕೆಯಲ್ಲಿ ಬಂದಿದೆ.

ಒಮ್ಮೆ ಕತೆ ಬರೆಯುವವರಿಗೆಂದೇ ನಡೆಸಿದ ಶಿಬಿರಕ್ಕೆ ನನ್ನನ್ನೂ ಕರೆದರು. ರಜೆ ಹಾಕಿ ಹೋದೆ. ಒಂದು ಕೋಣೆ, ಒಂದು ಮೇಜು, ಕಿಟಕಿಯಾಚೆ ಹೊಂಗೆ ಮರ, ಹೊತ್ತುಹೊತ್ತಿಗೆ ಯಾರೋ ತಂದುಕೊಡುವ ಊಟ. ಅಲ್ಲಿ ನನಗೆ ಒಂದಕ್ಷರ ಹುಟ್ಟಲಿಲ್ಲ. ಎದ್ದೆ, ಕೂತೆ, ಚೆನ್ನಾಗಿಯೇ ಇದ್ದ ಹಾಸಿಗೆಯನ್ನು ಕೊಡವಿ ಮತ್ತೆ ಹಾಸಿದೆ, ಕೊನೆಗೆ ಅಡುಗೆಯವರ ಹತ್ತಿರ ಹೋಗಿ ಬೀನ್ಸ್ ಹೆಚ್ಚಿಕೊಟ್ಟೆ. ಹೆಚ್ಚುತ್ತಿರುವಾಗ ಒಂದು ಕತೆಯ ಮೊದಲ ಸಾಲು ಬಂತು. ಮರುದಿನ ಬೆಳಿಗ್ಗೆ ಚೀಲ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ನನ್ನ ಯಜಮಾನರು ಕೇಳಿದ್ದು ಇಷ್ಟೇ:

“ಉಣ್ಣಾಕೆ ಉಡಾಕೆ ಏನ್ ಕಮ್ಮಿ ಆಗೈತೆ ಅಂತ ನಿಂಗೀ ಹುಚ್ಚು?”

ಕಮ್ಮಿಯಾದದ್ದಕ್ಕೆ ಅಂಟಿದ ಹುಚ್ಚಲ್ಲ ಇದು. ಆದರೆ ಅದನ್ನು ಬಾಗಿಲಲ್ಲಿ ನಿಂತು ಹೇಳಲಾಗುವುದಿಲ್ಲ, ನಾನು ಬೆಳೆದ ಮನೆಯೊಳಕ್ಕೆ ಕರೆದುಕೊಂಡು ಹೋಗಬೇಕಾಗುತ್ತದೆ.

ಸಾತನೂರಿನಿಂದ ಬಸ್ಸಿನಲ್ಲಿ ಒಂದಿಷ್ಟು ದೂರ ಹೋಗಿ, ರಸ್ತೆಯಿಂದ ಇಳಿದು ನಡೆದರೆ ನಮ್ಮ ಮನೆ. ನಮ್ಮ ಮನೆ ಎನ್ನುವುದು ಬಾಯಿಮಾತಿಗೆ. ಅದು ರೇಷ್ಮೆ ಹುಳದ ಮನೆ, ನಾವು ಅದರ ಸಂದಿಗೊಂದಿಗಳಲ್ಲಿ ಇದ್ದೆವು. ನಡುಮನೆಯ ತುಂಬ ಬೊಂಬಿನ ಚರಣಿಗೆ, ಒಂದರ ಮೇಲೊಂದು ಹುಳದ ತಟ್ಟೆ. ಹುಳ ದೊಡ್ಡದಾದಂತೆಲ್ಲ ತಟ್ಟೆಗಳು ಹೆಚ್ಚಾಗಿ, ಮೊದಲು ಮಂಚ ಹೊರಕ್ಕೆ ಹೋಗುತ್ತಿತ್ತು, ಆಮೇಲೆ ಬಟ್ಟೆಯ ಪೆಟ್ಟಿಗೆ, ಕೊನೆಗೆ ನಾವು. ಅಪ್ಪ ಜಗಲಿಯ ಮೇಲೆ ಮಲಗುತ್ತಿದ್ದ, ಹೆಂಗಸರು ತಟ್ಟೆಗಳ ಕೆಳಗೆ. ಒಲೆಯನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸುತ್ತಿದ್ದರು. ಹುಳಕ್ಕೆ ಹೊಗೆ ಆಗದು, ಬೀಡಿ ಆಗದು, ಊದಿನಕಡ್ಡಿ ಆಗದು, ಒಣಮೀನು ಆಗದು, ಪೌಡರು ಹಾಕಿಕೊಂಡು ಬಂದ ಮೈ ಆಗದು. ಎಲ್ಲಕ್ಕಿಂತ ಹೆಚ್ಚಾಗಿ ಒಗ್ಗರಣೆ ಆಗದು. ಎಣ್ಣೆಯಲ್ಲಿ ಸಾಸಿವೆ ಸಿಡಿದು, ಒಣಮೆಣಸಿನಕಾಯಿಯ ಘಾಟು ಎದ್ದರೆ ಹುಳ ಮೇವು ಬಿಡುತ್ತದೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಹುಳ ಇರುವಷ್ಟು ದಿನ ಮುದ್ದೆ, ಉಪ್ಸಾರು. ಗೂಡು ಬಿಡಿಸಿ ಅಪ್ಪ ರಾಮನಗರದ ಮಾರುಕಟ್ಟೆಯಲ್ಲಿ ಮಾರಿ ಬಂದ ದಿನ ಒಲೆ ಒಳಕ್ಕೆ ಬರುತ್ತಿತ್ತು, ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ ಚೊಂಯ್ ಎನ್ನುತ್ತಿತ್ತು. ಆ ಸದ್ದಿಗೇ ಪಕ್ಕದ ಮನೆಯವರು ‘ಗೂಡು ಹೋಯ್ತಾ?’ ಎಂದು ಕೇಳುತ್ತಿದ್ದರು.

ಇಂಥ ಮನೆಗೆ ಒಂದು ಮಧ್ಯಾಹ್ನ ನನ್ನ ಸಣ್ಣತ್ತೆ ಬಂದಳು. ಅಪ್ಪನ ತಂಗಿ, ಹೆಸರು ರತ್ನ. ಮಾಗಡಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಕುರಿ, ರಾಗಿ, ಅವರೆ ಇದ್ದ ಮನೆ. ಕೈಯಲ್ಲಿ ಒಂದು ಬಟ್ಟೆಯ ಚೀಲ ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿ ಅವಳ ಮುಖ ನೋಡಿದಳು, ಕೈ ನೋಡಿದಳು, ಏನೂ ಕೇಳದೆ ತಣಿಗೆಗೆ ಮುದ್ದೆ ಇಟ್ಟಳು. ಸಣ್ಣತ್ತೆ ತಿಂದಳು, ಮತ್ತೆ ಹಾಕಿಸಿಕೊಂಡಳು, ಮತ್ತೆ ಹಾಕಿಸಿಕೊಂಡಳು. ಅಷ್ಟು ಸದ್ದಿಲ್ಲದೆ, ಅಷ್ಟು ಬೇಗ ಯಾರಾದರೂ ಉಂಡದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೆ ಪಿಸುಮಾತಿನಲ್ಲಿ ಕೇಳಿಸಿಕೊಂಡೆ: ಆ ಮನೆಯಲ್ಲಿ ಅವಳ ಅತ್ತೆ ಮಡಕೆಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕುತ್ತಾಳೆ, ಮುನಿಸು ಬಂದ ದಿನ ಬೀಗ ತೆಗೆಯುವುದಿಲ್ಲ, ಗಂಡನಾದವನು ತಾನು ಉಂಡು ಎದ್ದು ಹೋಗುತ್ತಾನೆ. ಉಂಡು ಮುಗಿಸಿ ಸುಮ್ಮನೆ ಕೂತಿದ್ದ ಮಗಳಿಗೆ ಅಜ್ಜಿ ಆ ದಿನ ಹೇಳಿದ್ದು ಒಂದೇ ಮಾತು.

“ಕೈ ತೊಳ್ಕೊಂಡ್ ಬಾ ರತ್ನಿ. ಸೊಪ್ಪು ಹೆಚ್ಚೋದೈತೆ.”

ಹಿಪ್ಪುನೇರಳೆ ಸೊಪ್ಪನ್ನು ಎಳೆಯ ಹುಳಕ್ಕೆ ಸಣ್ಣಗೆ ಹೆಚ್ಚಿ ಹಾಕಬೇಕು. ಹೊತ್ತುಹೊತ್ತಿಗೆ ಹಾಕಬೇಕು, ಹುಳ ಕಾಯುವುದಿಲ್ಲ. ಅಜ್ಜಿ, ಅವ್ವ, ಸಣ್ಣತ್ತೆ ಮೂವರೂ ಹಿತ್ತಲ ಬಾಗಿಲಲ್ಲಿ ಕೂತು ಹೆಚ್ಚುತ್ತಿದ್ದರು. ನನಗೆ ಕತ್ತಿ ಕೊಡುತ್ತಿರಲಿಲ್ಲ. ತಟ್ಟೆಗೆ ಹಾಸುವ ಕಾಗದ ಬಿಡಿಸುವುದು ನನ್ನ ಪಾಲಿನ ಕೆಲಸ. ಅಪ್ಪ ಕನಕಪುರದ ಗುಜರಿ ಅಂಗಡಿಯಿಂದ ಹಳೆಯ ಪತ್ರಿಕೆಗಳನ್ನು ಕಟ್ಟುಕಟ್ಟಾಗಿ ತರುತ್ತಿದ್ದ. ಬಣ್ಣದ ಹಾಳೆಯ ಮಸಿ ಹುಳಕ್ಕೆ ನಂಜು ಎಂದು ಅಜ್ಜಿ ನಂಬಿದ್ದಳು. ಹಾಗಾಗಿ ಬಣ್ಣದ್ದೆಲ್ಲ ನನ್ನದು, ಉಳಿದದ್ದು ಹುಳದ್ದು. ಹೊಸದಾಗಿ ಓದಲು ಕಲಿತಿದ್ದ ನಾನು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ, ಮದುವೆಯ ಜಾಹೀರಾತು, ನಿಧನ ವಾರ್ತೆ, ಸೋಪು, ಚುನಾವಣೆ. ಯಾರೂ ಕಿವಿಗೊಡುತ್ತಿರಲಿಲ್ಲ. ಒಂದು ದಿನ ಯಾವುದೋ ವಾರಪತ್ರಿಕೆಯ ಹಾಳೆ ಸಿಕ್ಕಿತು. ಹೆಸರು ಹರಿದುಹೋಗಿದ್ದ ಒಂದು ಧಾರಾವಾಹಿ. ನಳಿನಿ ಎನ್ನುವವಳು ಗಂಡನ ಮನೆ ಬಿಟ್ಟು, ಪೆಟ್ಟಿಗೆ ಹಿಡಿದುಕೊಂಡು ಬಂದು ರೈಲು ನಿಲ್ದಾಣದಲ್ಲಿ ನಿಂತಿದ್ದಾಳೆ. ಉಳಿದದ್ದು ಮುಂದಿನ ವಾರ ಎಂದಿತ್ತು. ತಲೆಯೆತ್ತಿ ನೋಡಿದರೆ ಸಣ್ಣತ್ತೆಯ ಕತ್ತಿ ನಿಂತುಹೋಗಿತ್ತು.

“ಮುಂದಿನ ವಾರದ್ದು ತಗಿ ಮಗ.”

ಗುಜರಿಯ ಕಟ್ಟಿನಲ್ಲಿ ಮುಂದಿನ ವಾರ ಎಂಬುದು ಇರುವುದಿಲ್ಲ. ಎಲ್ಲ ಕಟ್ಟನ್ನೂ ಕೆದಕಿದೆ, ತಟ್ಟೆಯ ಕಾಗದ ಬದಲಾಯಿಸುವಾಗ ಹುಳದ ಹಿಕ್ಕೆ ಕೊಡವಿ ಕೊಡವಿ ಹುಡುಕಿದೆ. ಸಿಗಲಿಲ್ಲ. ಇಲ್ಲ ಎಂದು ಹೇಳಲು ಅವಳ ಮುಖ ನೋಡಿದೆ, ಬಾಯಿ ಬರಲಿಲ್ಲ. ಮುಂದಿನ ಸಲ ಸೊಪ್ಪು ಹೆಚ್ಚಲು ಕೂತಾಗ ಕೈಗೆ ಸಿಕ್ಕಿದ ಹಾಳೆಯೊಂದನ್ನು ಹಿಡಿದುಕೊಂಡು, ನಳಿನಿ ರೈಲು ಹತ್ತಿದಳು ಎಂದು ಓದಿದೆ. ಅದೇ ಸ್ವರ, ಅದೇ ಪುಸ್ತಕದ ಭಾಷೆ. ರೈಲು ನಮ್ಮ ಕಡೆಗೇ ಬಂತು, ಏಕೆಂದರೆ ಬೇರೆ ಊರುಗಳು ನನಗೆ ಗೊತ್ತಿರಲಿಲ್ಲ. ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ಸೊಪ್ಪಿನ ಹೊತ್ತಿಗೆ ಸರಿಯಾಗಿ ಕತೆಯೂ ಬೇಕು. ನೀರು ಸೇದುವಾಗ, ಸ್ಕೂಲಿಗೆ ಓಡುವಾಗ, ಜಡೆ ಹಾಕಿಸಿಕೊಳ್ಳುವಾಗ ನಳಿನಿಗೆ ಮುಂದೇನು ಎಂದು ಕಟ್ಟುತ್ತಿದ್ದೆ. ಈಗ ವ್ಯಾನಿನಲ್ಲಿ ಮಾಡುವುದೂ ಅದನ್ನೇ. ಎಲ್ಲಾದರೂ ಹಸಿದ ಬಾಯಿಯೊಂದು ಕಾಯುತ್ತಿದ್ದರೆ ಮಾತ್ರ ನನ್ನ ತಲೆ ಓಡುತ್ತದೆ.

ಹೆಚ್ಚು ದಿನ ನಡೆಯಲಿಲ್ಲ ನನ್ನ ಗುಟ್ಟು. ಅವ್ವನಿಗೆ ಓದು ಬಾರದಿದ್ದರೂ ಕಣ್ಣು ಚುರುಕು.

“ಅಲ್ಲ ಕಣೇ ಭಾಗಿ, ಅದ್ರಲ್ಲಿ ಗೊಬ್ಬರದ ಮೂಟೆ ಚಿತ್ರ ಐತೆ. ನಿನ್ ನಳಿನಿ ಎಲ್ಲವ್ಳೆ ಅದ್ರಲ್ಲಿ?”

ಅಜ್ಜಿ ಕತ್ತು ಚಾಚಿ ನೋಡಿದಳು. ನಿಜವಾಗಿಯೂ ಮೂಟೆ, ಮೂಟೆಯ ಪಕ್ಕ ನಗುವ ರೈತ. ಸಣ್ಣತ್ತೆ ಮಾತ್ರ ಕತ್ತಿ ನಿಲ್ಲಿಸದೆ ಹೇಳಿದಳು:

“ಮೂಟೆ ಹಿಂದ್ಗಡೆ ನಿಂತವ್ಳೆ ಕಣತ್ಗೆ. ನೀನ್ ಓದ್ ಮಗ.”

ಅಜ್ಜಿ ನಕ್ಕಳು. ಅವ್ವ ಹುಬ್ಬು ಗಂಟಿಕ್ಕಿದಳು, ಆದರೆ ಎದ್ದು ಹೋಗಲಿಲ್ಲ. ಅಲ್ಲಿಂದ ಮುಂದೆ ಕತೆ ನಾಲ್ವರದ್ದಾಯಿತು. ಕಾಗದ ಕೈಯಲ್ಲಿರಲೇಬೇಕು, ನಾನು ಅದನ್ನು ನೋಡಿಕೊಂಡೇ ಓದಬೇಕು, ಅದು ಗೊಬ್ಬರವೋ ಚುನಾವಣೆಯೋ ಯಾರೂ ಕೇಳುವುದಿಲ್ಲ. ಕತೆಯ ಒಳಗಿನದಕ್ಕೆ ಮಾತ್ರ ಕಡ್ಡಿ ಮುರಿದಂತೆ ಪ್ರಶ್ನೆ. ಪೆಟ್ಟಿಗೆ ಹೊತ್ತುಕೊಂಡು ಅಷ್ಟು ದೂರ ನಡೆದಳಲ್ಲ, ನೀರು ಎಲ್ಲಿ ಕುಡಿದಳು ಎಂದು ಅಜ್ಜಿ. ಅವಳು ಕಿಟಕಿಯಲ್ಲಿ ನಿಂತು ಅಳುತ್ತಿದ್ದರೆ ಮುಸುರೆ ತೊಳೆಯೋರು ಯಾರು ಎಂದು ಅವ್ವ. ಸಣ್ಣತ್ತೆಯದು ಯಾವಾಗಲೂ ಒಂದೇ.

“ಉಂಡ್ಲಾ?”

ಈಗಲೂ ಒಂದು ಕತೆ ಬರೆದು ಮುಗಿಸಿದ ಮೇಲೆ ನಾನು ಮೂವರಿಗೂ ಉತ್ತರ ಹೇಳುತ್ತೇನೆ. ನೀರು ಕುಡಿದಳು, ಮುಸುರೆ ತೊಳೆದಳು, ಉಂಡಳು. ನಿಮ್ಮ ಕತೆಗಳಲ್ಲಿ ಯಾಕೆ ಎಲ್ಲರೂ ಸದಾ ಊಟಕ್ಕೆ ಕೂತಿರುತ್ತಾರೆ ಎಂದು ಸಂಪಾದಕರೊಬ್ಬರು ಫೋನಿನಲ್ಲಿ ಕೇಳಿದ್ದರು. ಕ್ಯಾಂಟೀನಿನಲ್ಲಿರುವವಳಲ್ಲವೇ ಸಾರ್ ಎಂದು ಮಾತು ತೇಲಿಸಿದೆ.

ಆ ಮನೆಯಲ್ಲಿ ಬಾಯಿಬಿಟ್ಟು ಆಡಲಾಗದ ಜಗಳವೊಂದು ಇತ್ತು. ಸಣ್ಣತ್ತೆಯನ್ನು ಇಟ್ಟುಕೊಳ್ಳುವುದೋ ಕಳಿಸುವುದೋ. ಅವಳೆದುರು ಅದನ್ನು ಎತ್ತುವಂತಿರಲಿಲ್ಲ, ಮೂವರೂ ಬೆಳಗಿನಿಂದ ಸಂಜೆಯತನಕ ಒಂದೇ ಮನೆಯ ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕೆಲಸ ಮಾಡುವವರು. ಆದ್ದರಿಂದ ನಳಿನಿಯ ಮೇಲೆ ಜಗಳವಾಡುತ್ತಿದ್ದರು.

“ಅವ್ಳ್ನ ಗಂಡನ್ ಮನೆಗ್ ಕಳ್ಸೇ ಭಾಗಿ. ಎಷ್ಟ್ ದಿನಾಂತ ಕಂಡೋರ್ ಮನೇಲಿ ಇರ್ತಾಳೆ?” ಎಂದಳು ಅವ್ವ ಒಂದು ದಿನ.

“ಕಂಡೋರ್ ಮನೆ ಅಂತ ಯಾರಂದ್ರು ನಿಂಗೆ? ಅವ್ಳ ಹೆತ್ತವ್ವನ್ ಮನೆ ಇರ್ಬೋದು,” ಎಂದಳು ಅಜ್ಜಿ.

“ಹೆತ್ತವ್ವನ್ ಮನೇಲಿ ಅತ್ಗೆ ಅನ್ನೋಳೂ ಒಬ್ಳು ಇರ್ತಾಳಲ್ಲ. ಅವ್ಳಿಗೂ ಮಗ್ಳವ್ಳೆ. ಗಂಡನ್ ಬುಟ್ಟೋಳು ಮನೇಲವ್ಳೆ ಅಂದ್ರೆ ನಾಳೆ ಆ ಮಗೀಗ್ ಯಾವ್ ಗಂಡು ಬತ್ತದೆ?”

“ನಳಿನಿಗೆ ಅಣ್ಣನೇ ಇಲ್ವಲ್ಲವ್ವ,” ಎಂದೆ ನಾನು.

“ನೀನ್ ಬಾಯ್ ಮುಚ್ಕೊಂಡ್ ಓದು.”

ಸಣ್ಣತ್ತೆ ಸೊಪ್ಪನ್ನು ಬೇಕಾದ್ದಕ್ಕಿಂತ ಸಣ್ಣಗೆ, ಪುಡಿಯಾಗುವಷ್ಟು ಹೆಚ್ಚಿದಳು. ಅವಳು ಹೋಗಬಾರದು ಎಂಬುದು ನನ್ನ ಒಂದೇ ಹಟ. ತಟ್ಟೆಗಳ ಕೆಳಗೆ ನಾನು ಮಲಗುತ್ತಿದ್ದುದು ಅವಳ ಮಗ್ಗುಲಲ್ಲಿ. ಸ್ಕೂಲಿನಿಂದ ಬಂದಾಗ ಉಂಡೆಯಾ ಎಂದು ಕೇಳಿ, ಉಂಡಿದ್ದೇನೆ ಎಂದರೂ ಹಾಕಿಕೊಡುತ್ತಿದ್ದವಳು ಅವಳು. ಅದಕ್ಕೇ ನಳಿನಿಯನ್ನು ಕರೆದೊಯ್ಯಲು ಗಂಡ ಬಂದಾಗಲೆಲ್ಲ ನಾನು ಒಂದು ನೆವ ಹುಟ್ಟಿಸುತ್ತಿದ್ದೆ. ಒಮ್ಮೆ ಅವಳಿಗೆ ಚಳಿಜ್ವರ, ಒಮ್ಮೆ ಬಸ್ಸು ಕೆಟ್ಟಿತು, ಒಮ್ಮೆ ಹೊಳೆ ತುಂಬಿತು, ಒಮ್ಮೆ ಗಂಡನೇ ಕಾಲು ಮುರಿದುಕೊಂಡ. ನೆವಗಳು ಖಾಲಿಯಾಗುತ್ತ ಬಂದಂತೆ ನನಗೆ ನಿಜವಾಗಿಯೂ ಭಯವಾಗುತ್ತಿತ್ತು, ಕತೆ ಸೋತರೆ ಅತ್ತೆ ಹೋಗಿಬಿಡುತ್ತಾಳೆ ಎಂದು.

ಸಣ್ಣತ್ತೆಯ ಗಂಡ, ನಿಜವಾದ ಮಾವ, ಬಂದದ್ದು ಹುಳ ನಾಲ್ಕನೇ ಜ್ವರ ಎದ್ದ ಮೇಲೆ. ಹುಳ ಮೇವು ಬಿಟ್ಟು, ತಲೆಯೆತ್ತಿಕೊಂಡು, ಪೊರೆ ಕಳಚಲು ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಮನೆಯಲ್ಲಿ ಸದ್ದಿಲ್ಲ, ನಮಗೂ ಒಸಿ ಬಿಡುವು. ನಾಲ್ಕನೆಯದು ಎದ್ದ ಮೇಲೆ ಹುಳ ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಜಗಲಿಯವರೆಗೂ ಕೇಳುತ್ತದೆ, ಮನೆಮಂದಿಗೆಲ್ಲ ಕಾಲಿಗೆ ಚಕ್ರ. ಅಂಥ ಹೊತ್ತಿನಲ್ಲಿ ಮಾವ ತಮ್ಮೂರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬಂದ. ಅಜ್ಜಿ ಬಾಗಿಲಿನ ಎರಡೂ ಕಡೆಗೆ ಕೈ ಕೊಟ್ಟು ನಿಂತಳು.

“ಜಗ್ಲಿ ಮ್ಯಾಲೇ ಕುಂತ್ಕಳಿ ಅಳಿಮಯ್ಯ. ಬಸ್ಸಲ್ ಬಂದ್ ಮೈ, ಬೀಡಿ ಸೇದಿದ್ ಬಾಯಿ. ಹುಳ ಜ್ವರ ಎದ್ದವೆ, ಒಳಕ್ಕೆ ಬರಂಗಿಲ್ಲ.”

“ನಾನೇನ್ ಒಳಕ್ ಬರಾಕಿಲ್ಲ. ರತ್ನೀನ ಆಚೆಗ್ ಕಳ್ಸಿ, ಕರ್ಕೊಂಡ್ ಹೊಯ್ತೀನಿ.”

ಅಜ್ಜಿ ಕಣ್ಣು ಕೂಡ ಮಿಟುಕಿಸಲಿಲ್ಲ.

“ಅದಾಗಾಕಿಲ್ಲ. ಸೊಪ್ಪು ಹಾಕ್ತಿರೋ ಕೈ ಗೂಡಾಗೋಗಂಟ ಮನೆ ಬುಟ್ಟು ಹೋಗಂಗಿಲ್ಲ. ಹುಳ ಕೈ ಗುರ್ತ್ ಹಿಡೀತವೆ ಕಣಪ್ಪ. ಕೈ ಬದ್ಲಾದ್ರೆ ಬಾಯ್ ಕಟ್ಕೊಂಡ್ ಕುಂತ್ಬುಡ್ತವೆ.”

ಬಾಗಿಲ ಹಿಂದೆ ನಿಂತಿದ್ದ ನಾನು ಬೆಚ್ಚಿದೆ. ಒಳಕ್ಕೆ ಬರಬಾರದು ಎಂಬುದು ನಿಜವಾದ ಕಟ್ಟಳೆ. ಆದರೆ ಹುಳ ಕೈ ಗುರುತು ಹಿಡಿಯುತ್ತದೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮಲ್ಲಿ ಕೈ ಬಿಡುವಿದ್ದವರು ಯಾರಾದರೂ ಸೊಪ್ಪು ಹಾಕುತ್ತಿದ್ದರು. ಮಾವನ ಕಡೆ ಆಗ ರೇಷ್ಮೆ ಇರಲಿಲ್ಲ, ಅವನು ತಬ್ಬಿಬ್ಬಾದ. ಜೊತೆಗೆ ಬಂದ ಹಿರಿಯರು ಮಾತ್ರ ನೀರಿನ ಚೊಂಬು ಹಿಡಿದುಕೊಂಡು ಬಂದ ಅವ್ವನ ಕಡೆ ತಿರುಗಿ, ‘ಹೌದೇನವ್ವ?’ ಎಂದರು. ಕಳಿಸಬೇಕು ಎನ್ನುತ್ತಿದ್ದವಳು ಅವ್ವ. ಇಲ್ಲ ಎಂದರೆ ಮುಗಿಯಿತು.

“ಹೂಂ ಕಣಣ್ಣ,” ಎಂದಳು ಅವ್ವ. “ನಮ್ ತವ್ರಲ್ಲಿ ನಮ್ ಚಿಕ್ಕವ್ವ ಹಂಗೇ ಮಧ್ಯದಲ್ಲಿ ಎದ್ದೋಗಿ ಇಡೀ ಬೆಳೆ ಹೋಯ್ತು. ಆ ವರ್ಷ ಗೂಡಿನ್ ಮುಖ ನೋಡ್ಲಿಲ್ಲ ನಾವು.”

ಅವ್ವನ ತವರಿನಲ್ಲಿ ರೇಷ್ಮೆಯೇ ಇರಲಿಲ್ಲ. ಅವಳಿಗೆ ಚಿಕ್ಕವ್ವನೂ ಇರಲಿಲ್ಲ. ಗೂಡಾದ ಮೇಲೆ ಬತ್ತೀನಿ ಎಂದು ಮಾವ ಎದ್ದು ಹೋದ. ಅವ್ವ ಒಳಗೆ ಬಂದು, ನನ್ ಬಾಯಲ್ಲೂ ಸುಳ್ ಹೇಳ್ಸಿದ್ರಲ್ಲ ಎಂದು ಪಾತ್ರೆ ಕುಕ್ಕಿದಳು. ಕತೆ ಎಂದರೇನೆಂದು ಯಾವ ಶಿಬಿರದಲ್ಲೂ ನಾನು ಕಲಿಯಬೇಕಾಗಿರಲಿಲ್ಲ. ಆ ಜಗಲಿಯ ಮೇಲೆ ಇಲ್ಲದ ಚಿಕ್ಕವ್ವ ಒಬ್ಬಳು ಎದ್ದು ಹೋದಳು, ಇರುವ ಅತ್ತೆಯೊಬ್ಬಳು ಉಳಿದುಕೊಂಡಳು. ಅಪ್ಪ ಅಂದು ಯಾರ ಪರವಾಗಿಯೂ ಮಾತಾಡಲಿಲ್ಲ. ಮರುದಿನ ಕನಕಪುರಕ್ಕೆ ಹೋಗಿ, ಇದ್ದ ಹುಳ ಇನ್ನೂ ಗೂಡು ಕಟ್ಟುವಷ್ಟು ಹಣ್ಣಾಗುವ ಮೊದಲೇ, ಹೊಸ ಮೊಟ್ಟೆಯ ಹಾಳೆಗಳನ್ನು ತಂದ.

ಅಲ್ಲಿಂದ ನಮ್ಮ ಮನೆಗೆ ನಿದ್ದೆ ಇಲ್ಲದಂತಾಯಿತು. ಒಂದು ಬೆಳೆ ಮುಗಿದು ಗೂಡು ಮಾರಿದ ಮೇಲೆ ತಟ್ಟೆ ತೊಳೆದು, ಬಿಸಿಲಿಗೆ ಒಣಗಿಸಿ, ಮನೆಗೆ ಸುಣ್ಣ ಬಳಿದು, ಔಷಧಿ ಹೊಡೆದು, ಕೆಲವು ದಿನ ಖಾಲಿ ಬಿಡಬೇಕು. ಎಲ್ಲರಿಗೂ ಗೊತ್ತಿರುವ ವಿಷಯ. ನಾವು ಬಿಡಲಿಲ್ಲ. ನಡುಮನೆಯ ಒಂದು ಪಕ್ಕದಲ್ಲಿ ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿರುವಾಗಲೇ ಇನ್ನೊಂದು ಪಕ್ಕದಲ್ಲಿ ಎಳೆಯ ಹುಳ ಕಣ್ಣುಬಿಡುತ್ತಿತ್ತು. ಮಾವ ಬಂದಾಗಲೆಲ್ಲ ಮನೆಯಲ್ಲಿ ಹುಳ ಇರಬೇಕು, ಅಷ್ಟೇ. ಅವನು ಬಂದ, ಹೋದ, ಮತ್ತೆ ಬಂದ, ಮತ್ತೆ ಹೋದ. ಸ್ವಂತ ತೋಟದ ಸೊಪ್ಪು ಸಾಲದೆ ಅಪ್ಪ ಊರೂರು ತಿರುಗಿ ಸೊಪ್ಪು ಹೊತ್ತು ತಂದ. ಎಲ್ಲರ ಕಣ್ಣೂ ಕೆಂಪು, ಎಲ್ಲರ ಮಾತೂ ಸಿಡುಕು. ನನಗೂ ಬಿಡುವಿಲ್ಲ, ನಳಿನಿಗೂ ಬಿಡುವಿಲ್ಲ. ಒಗ್ಗರಣೆಯ ಸದ್ದು ಕೇಳಿ ಎಷ್ಟು ಕಾಲವಾಯಿತೋ ಮರೆತೇಹೋಯಿತು. ಸ್ಕೂಲಿನಲ್ಲಿ ಪಕ್ಕದ ಹುಡುಗಿಯ ಬುತ್ತಿಯಿಂದ ಬರುತ್ತಿದ್ದ ಕರಿಬೇವಿನ ವಾಸನೆಗೆ ನನಗೆ ಅಳು ಬರುತ್ತಿತ್ತು. ಸುಮ್ಮನೆ ಕೂತರೆ ಏನೋ ಕೆಡುಕಾಗುತ್ತದೆ ಎಂಬ ದಿಗಿಲು ನನ್ನ ಮೈಗೆ ಹತ್ತಿದ್ದು ಆಗಲೇ ಇರಬೇಕು. ನಮ್ಮ ಮನೆಯಲ್ಲಿ ಬಿಡುವು ಎಂದರೆ ಅತ್ತೆ ಹೋಗುವುದು ಎಂದರ್ಥ.

ಹಾಗೆ ಮಾಡಿದರೆ ಏನಾಗಬೇಕೋ ಅದೇ ಆಯಿತು. ಮನೆಗೆ ಬಿಡುವು ಕೊಡದಿದ್ದರೆ ರೋಗ ಗೋಡೆಯಲ್ಲೇ ಕೂತಿರುತ್ತದೆ. ಚೆನ್ನಾಗಿ ಮೇಯುತ್ತಿದ್ದ ಹುಳ ಊದಿಕೊಂಡು, ಹಳದಿಯಾಗಿ, ಮುಟ್ಟಿದರೆ ಹಾಲಿನಂಥ ನೀರು ಒಸರಿ ಸಾಯತೊಡಗಿತು. ಒಂದು ತಟ್ಟೆಯಿಂದ ಇನ್ನೊಂದಕ್ಕೆ, ದೊಡ್ಡದರಿಂದ ಎಳೆಯದಕ್ಕೆ. ಅಪ್ಪ ಹಿತ್ತಲಿನಾಚೆ ಗುಂಡಿ ತೋಡಿ, ಎಲ್ಲವನ್ನೂ ಸುರಿದು, ಸುಣ್ಣ ಹಾಕಿ ಮುಚ್ಚಿದ. ಯಾರೂ ಯಾರನ್ನೂ ಬಯ್ಯಲಿಲ್ಲ. ಇದು ತನ್ನ ದೆಸೆಯಿಂದ ಆದದ್ದು ಎಂದು ಸಣ್ಣತ್ತೆಗೆ ಗೊತ್ತಿತ್ತು, ಗೊತ್ತಿದೆ ಎಂದು ನಮಗೂ ಗೊತ್ತಿತ್ತು. ಹಿತ್ತಲಲ್ಲಿ ಕೂತು ತಟ್ಟೆಗಳನ್ನು ತಿಕ್ಕಿ ತಿಕ್ಕಿ ತೊಳೆದವಳು ಅವಳೇ. ನಾನು ಕಾಗದ ಹಿಡಿದುಕೊಂಡು ಹೋದರೆ, ಬ್ಯಾಡ ಮಗ ಎಂದಳು. ನಡುಮನೆ ಎಷ್ಟು ದೊಡ್ಡದು ಎಂದು ನನಗೆ ತಿಳಿದದ್ದು ಆ ದಿನಗಳಲ್ಲಿ. ನಾವು ಅದರೊಳಗೆ ಗೋಡೆಗೆ ಒರಗಿಕೊಂಡೇ ಓಡಾಡುತ್ತಿದ್ದೆವು, ನಡುವೆ ನಡೆಯುವ ರೂಢಿಯೇ ತಪ್ಪಿತ್ತು.

ಮಾವ ಬಂದದ್ದು ಆಗಲೇ. ಈ ಸಲ ಒಬ್ಬನೇ ಬಂದಿದ್ದ. ಅಪ್ಪ ಮನೆಯಲ್ಲಿರಲಿಲ್ಲ. ಅಜ್ಜಿ ಒಳಬಾಗಿಲನ್ನು ಎಳೆದುಕೊಂಡು ಹೊಸ್ತಿಲ ಮೇಲೆ ನಿಂತಳು. ಬಾಗಿಲ ಒಳಗೆ, ಖಾಲಿ ನಡುಮನೆಯಲ್ಲಿ, ಸಣ್ಣತ್ತೆ, ಅವ್ವ, ನಾನು.

“ಹುಳ ಐತೆ ಅಳಿಮಯ್ಯ,” ಎನ್ನುವುದು ಕೇಳಿಸಿತು.

“ಎಲ್ಲವೆ? ಮೇಯೋ ಸದ್ದೇ ಇಲ್ವಲ್ಲ.”

“ಜ್ವರಕ್ ಕುಂತವೆ. ಜ್ವರಕ್ ಕುಂತಾಗ ಮೇಯಾಕಿಲ್ಲ.”

ಅದು ಅಜ್ಜಿಯ ಕೈಯಲ್ಲಿ ಉಳಿದಿದ್ದ ಕೊನೆಯ ಇಸ್ಪೀಟು ಎಲೆ. ಎಷ್ಟು ಚೆನ್ನಾಗಿತ್ತು ಎಂದು ನನಗೆ ಆ ಗಾಬರಿಯಲ್ಲೂ ಅನ್ನಿಸಿತು. ಆದರೆ ಮಾವನೂ ಅಷ್ಟು ಸಲ ಬಂದು ಹೋಗಿ ಕಲಿತಿದ್ದ.

“ಸೊಪ್ಪಿನ್ ವಾಸ್ನೇನೂ ಇಲ್ಲ. ಏನೋ ಔಷ್ದಿ ವಾಸ್ನೆ ಹೊಡೀತೈತೆ. ಬಾಗ್ಲು ತಗೀರಿ ಒಸಿ, ನೋಡಾನ.”

ಅಜ್ಜಿ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಜ್ವರ, ಬಸ್ಸು, ಹೊಳೆ, ಮುರಿದ ಕಾಲು, ನಾನು ಹುಟ್ಟಿಸಿದ್ದ ಅಷ್ಟೂ ನೆವಗಳನ್ನು ತಲೆಯೊಳಗೆ ಕೆದಕಿದೆ, ಒಂದೂ ಬಾಗಿಲಿಗೆ ಹೊಂದುತ್ತಿರಲಿಲ್ಲ. ಅವ್ವ ಸಣ್ಣತ್ತೆಯ ಕೈ ಹಿಡಿದುಕೊಂಡಿದ್ದಳು. ಸಣ್ಣತ್ತೆ ಆ ಕೈ ಬಿಡಿಸಿಕೊಂಡು ಎದ್ದಳು, ಸೀರೆಯ ನಿರಿಗೆ ಸರಿಮಾಡಿಕೊಂಡಳು, ಹೋಗಿ ಬಾಗಿಲಿನ ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದಳು. ಹೊರಗಿನ ಬಿಸಿಲು ಖಾಲಿ ನಡುಮನೆಯ ಕೊನೆಯವರೆಗೂ ಬಂತು.

“ಹುಳ ಇಲ್ಲ. ಎಲ್ಲಾ ಸತ್ತೋದೋ,” ಎಂದಳು.

“ಅಂಗಾದ್ರೆ ಇನ್ನೇನ್ ಅಡ್ಡ? ನಡಿ.”

“ಅಡ್ಡ ಏನೂ ಇಲ್ಲ. ನಾನ್ ಬರಾಕಿಲ್ಲ.”

ಜೋರಾಗಿ ಹೇಳಲಿಲ್ಲ. ಸಂತೆಯಲ್ಲಿ ಈ ಸೀರೆ ಬೇಡ ಎನ್ನುವ ಹಾಗೆ ಹೇಳಿದಳು. ಮಾವ ಅಜ್ಜಿಯನ್ನು ನೋಡಿದ, ಅವ್ವನನ್ನು ನೋಡಿದ, ಸಣ್ಣತ್ತೆಯ ಬೆನ್ನ ಹಿಂದಿನ ಖಾಲಿ ಮನೆಯನ್ನು ನೋಡಿದ. ಜಗಳವಾಡಲು ಅವನಿಗೆ ಅಲ್ಲಿ ಒಂದು ನೆವವೂ ಸಿಗಲಿಲ್ಲ. ಉಂಡ್ಕೊಂಡ್ ಹೋಗಿ ಅಳಿಮಯ್ಯ ಎಂದು ಅಜ್ಜಿ ರೂಢಿಯಂತೆ ಹೇಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಮತ್ತೆ ಬರಲಿಲ್ಲ.

ಅಜ್ಜಿ ಹೊಸ್ತಿಲ ಮೇಲೆಯೇ ಕೂತಳು. ಅವ್ವ ಮಾತ್ರ ಹಿತ್ತಲಿಗೆ ಹೋದಳು. ಚಪ್ಪರದಿಂದ ಒಲೆ ತಂದು ಅಡುಗೆಮನೆಯಲ್ಲಿಟ್ಟಳು. ಸೌದೆ ಉರಿಸಿದಳು. ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿತು, ಆಮೇಲೆ ಎಣ್ಣೆಯಲ್ಲಿ ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಕಪ್ಪಾಯಿತು, ಕರಿಬೇವು ಬಿದ್ದು ಚೊಂಯ್ ಎಂದಿತು. ಘಾಟು ನಡುಮನೆಗೆಲ್ಲ ತುಂಬಿ ನಾವೆಲ್ಲ ಕೆಮ್ಮಿದೆವು. ಗೂಡು ಹೋಯ್ತಾ ಎಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು.

“ಇಲ್ಲ ಕಣಕ್ಕ,” ಅವ್ವ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು. “ನಮ್ ರತ್ನಿ ಉಣ್ತಾಳೆ.”

ಅವ್ವ ಹೆದರಿದ್ದ ಹಾಗೆ ನನಗೆ ಗಂಡು ಸಿಗದೇನೂ ಹೋಗಲಿಲ್ಲ. ಬಾಗಿಲಲ್ಲಿ ನಿಂತು ‘ಈ ಹುಚ್ಚು ಯಾಕೆ’ ಎಂದು ಕೇಳುವ ಗಂಡೇ ಸಿಕ್ಕಿದರು. ಅವರಿಗೆ ಹೇಳಬೇಕಾದದ್ದು ಇಷ್ಟೇ. ಅಷ್ಟು ದಿನ ನಳಿನಿಗೆ ನಾನು ನೆವಗಳನ್ನು ಕೊಟ್ಟೆ, ಅವಳ ಬಾಯಿಗೆ ‘ಬರಾಕಿಲ್ಲ’ ಎಂಬ ಒಂದು ಮಾತು ಕೊಡಲು ನನಗೆ ಹೊಳೆಯಲಿಲ್ಲ. ಸಣ್ಣತ್ತೆ ಅದನ್ನು ತಾನೇ ಹುಡುಕಿಕೊಂಡಳು. ಅಂಥ ಒಂದು ಮಾತು ಯಾವಾಗ, ಯಾರ ಬಾಯಿಂದ ಬರುತ್ತದೋ ಎಂದು ನಾನು ವ್ಯಾನಿನಲ್ಲಿ, ಕುದಿಯುವ ಸಾರಿನ ಮುಂದೆ, ಕಾಲು ನಿಲ್ಲದೆ ಇಂದಿಗೂ ಹುಡುಕುತ್ತಿದ್ದೇನೆ. ಸಿಕ್ಕಿದ್ದು ಕಡಿಮೆ.

ಮನೆಗೆ ಆ ಸಲ ಸರಿಯಾಗಿ ಸುಣ್ಣ ಬಳಿದು, ಬಿಡುವು ಕೊಟ್ಟು, ಅಪ್ಪ ಹೊಸ ಮೊಟ್ಟೆ ತಂದ. ಮತ್ತೆ ಮೂವರೂ ಹಿತ್ತಲ ಬಾಗಿಲಲ್ಲಿ ಸೊಪ್ಪು ಹೆಚ್ಚಲು ಕೂತರು. ನಾನು ಕಾಗದದ ಕಟ್ಟು ಬಿಚ್ಚುತ್ತಿದ್ದೆ. ಓದೇ ಮಗ ಎಂದಳು ಸಣ್ಣತ್ತೆ.

“ನಳಿನಿದು ಮುಗ್ದೋಯ್ತು ಅತ್ತೆ,” ಎಂದೆ. ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ.

ಅವಳು ಕತ್ತಿಯ ಅಂಚಿನಿಂದ ಸೊಪ್ಪನ್ನು ಒಟ್ಟು ಮಾಡಿಕೊಂಡು ನನ್ನ ಕಡೆ ನೋಡಿದಳು.

“ಅವ್ಳೊಬ್ಬಳ್ದು ಮುಗೀತು. ಇನ್ನೊಬ್ಬಳ್ದು ತಗಿ.”

ಕಟ್ಟಿನಿಂದ ಮೇಲಿನ ಹಾಳೆಯನ್ನು ಎಳೆದುಕೊಂಡೆ. ಯಾವುದೋ ನೀರೆತ್ತುವ ಪಂಪಿನ ಜಾಹೀರಾತು. ಅದನ್ನು ಮುಖದ ಮುಂದೆ ನೇರವಾಗಿ ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು, ಓದತೊಡಗಿದೆ.